ಕಂತಿನ ಮಾತು ವಿಧಾನಸೌಧಕ್ಕೆ ಹೋದದ್ದು ಹೇಗೆ?

ಬೆಳಗ್ಗೆ ಇನ್ನೂ ಏಳು ಗಂಟೆ. ಒಲೆ ಮೇಲೆ ಮುದ್ದೆಗೆ ಎಸರು ಇಟ್ಟಿದೆ. ಬಾಗಿಲ ಮುಂದೆ ಬೈಕು ನಿಂತ ಸದ್ದು.

"ಏನಮ್ಮಾ, ಹೋದ ವಾರದ ಕಂತು ಎಲ್ಲಿ?"

"ಶೇಂಗಾ ಕಿತ್ತ ಮೇಲೆ ಕಟ್ತೀನಪ್ಪಾ. ಈ ಸಲ ಮಳೆ ಕೈ ಕೊಡ್ತು."

"ಮಳೆ ಕತೆ ನನಗೆ ಬೇಡ. ದುಡ್ಡು ಕೊಡೋವರೆಗೂ ಇಲ್ಲಿಂದ ಏಳಲ್ಲ."

ಓಣಿಯ ಜನ ಬಂದು ನೋಡುತ್ತಾರೆ. ಮಕ್ಕಳು ಬಾಗಿಲ ಹಿಂದೆ ನಿಲ್ಲುತ್ತವೆ. ಸಂಘದ ಬೇರೆ ಹೆಂಗಸರಿಗೂ ಭಯ. ಇವಳು ಕಟ್ಟದಿದ್ದರೆ ನಮ್ಮ ಕೊರಳಿಗೆ ಬರುತ್ತೆ ಅಂತ ಅವರೂ ಬೈತಾರೆ.

ಅಕ್ಕಂದಿರೇ, ಇಂಥದ್ದನ್ನು ನೀವು ನೋಡಿದ್ದೀರಿ. ಕೆಲವರು ಅನುಭವಿಸಿದ್ದೀರಿ. ಸಾಲ ಮಾಡಿದ್ದು ನಿಜ. ತೀರಿಸಬೇಕಾದದ್ದೂ ನಿಜ. ಆದರೆ ಬಾಗಿಲಲ್ಲಿ ಕೂತು ಮಾನ ಕಳೆಯುವ ಅಧಿಕಾರ ಅವರಿಗೆ ಇದೆಯಾ? ಇಲ್ಲ. ಇಲ್ಲ ಅಂತ ಸರ್ಕಾರದ ಕಾಗದದಲ್ಲೇ ಬರೆದಿದೆ. ಆ ಕಾಗದ ತಾನಾಗಿ ಬರಲಿಲ್ಲ. ಜನ ಕೇಳಿದರು, ಮತ್ತೆ ಮತ್ತೆ ಕೇಳಿದರು, ಆಮೇಲೆ ಬಂತು. ಹೇಗೆ ಕೇಳಿದರು? ಯಾರನ್ನು ಕೇಳಿದರು? ಅದನ್ನು ಇಲ್ಲಿ ನೋಡೋಣ.

ಯಾರ ಬಾಗಿಲಿಗೆ ಹೋಗಬೇಕು?

ನಮ್ಮ ತಳಕನ್ನೇ ತಗೊಳ್ಳಿ. ತಳಕು ಚಳ್ಳಕೆರೆ ತಾಲ್ಲೂಕಿನ ಒಂದು ಹೋಬಳಿ. ಪಹಣಿ, ಪಿಂಚಣಿ ಕೆಲಸಕ್ಕೆ ನಾವು ಚಳ್ಳಕೆರೆ ತಹಶೀಲ್ದಾರ್ ಕಚೇರಿಗೆ ಹೋಗ್ತೀವಿ. ಆದರೆ ನಮ್ಮ ಓಟು ಹೋಗೋದು ಮೊಳಕಾಲ್ಮೂರು ಕ್ಷೇತ್ರಕ್ಕೆ. ನಮ್ಮ ಎಮ್ಮೆಲ್ಲೆ ಅಂದರೆ ಮೊಳಕಾಲ್ಮೂರಿನ ಎಮ್ಮೆಲ್ಲೆ. ಎಷ್ಟೋ ಜನ ಇದನ್ನು ತಿಳಿಯದೆ ಚಳ್ಳಕೆರೆ ಶಾಸಕರ ಮನೆ ಮುಂದೆ ಅರ್ಜಿ ಹಿಡಿದು ನಿಂತು ವಾಪಸ್ಸು ಬಂದಿದ್ದಾರೆ.

ತಹಶೀಲ್ದಾರರು, ಡಿ.ಸಿ. ಸಾಹೇಬರು ಕಾನೂನು ಮಾಡುವವರಲ್ಲ. ಇದ್ದ ಕಾನೂನನ್ನು ನಡೆಸುವವರು. ಕಾನೂನು ಮಾಡುವವರು ಬೇರೆ. ವಿಧಾನಸಭೆಯಲ್ಲಿ 224 ಶಾಸಕರು ಇದ್ದಾರೆ. ವಿಧಾನ ಪರಿಷತ್ತಿನಲ್ಲಿ 75 ಜನ. ಸರ್ಕಾರ ಒಂದು ಮಸೂದೆ ತರುತ್ತದೆ. ಮಸೂದೆ ಅಂದರೆ ಇನ್ನೂ ಕಾನೂನಾಗದ ಕರಡು. ಎರಡೂ ಮನೆಗಳು ಒಪ್ಪಬೇಕು. ಆಮೇಲೆ ರಾಜ್ಯಪಾಲರು ರುಜು ಹಾಕಬೇಕು. ಆಗ ಅದು ಕಾಯಿದೆ.

ಇನ್ನೊಂದು ಮಾತು. ಬ್ಯಾಂಕು, ರಿಸರ್ವ್ ಬ್ಯಾಂಕು ಇವೆಲ್ಲ ದಿಲ್ಲಿ ಸರ್ಕಾರಕ್ಕೆ ಸೇರಿದ ವಿಷಯ. ಅದನ್ನು ಕೇಳಬೇಕಾದವರು ಲೋಕಸಭೆಗೆ ಹೋದ ನಮ್ಮ ಚಿತ್ರದುರ್ಗದ ಎಂ.ಪಿ. ಮನೆಗೆ ಬಂದು ಕಿರುಕುಳ ಕೊಟ್ಟರೆ ಅದು ಪೊಲೀಸರ ವಿಷಯ, ರಾಜ್ಯ ಸರ್ಕಾರದ ವಿಷಯ. ಈ ವ್ಯತ್ಯಾಸ ನೆನಪಿನಲ್ಲಿ ಇಡಿ. ಮುಂದೆ ಬೇಕಾಗುತ್ತೆ.

2025ರಲ್ಲಿ ಏನಾಯಿತು?

2025ರ ಜನವರಿ. ಚಾಮರಾಜನಗರ, ಮೈಸೂರು, ರಾಮನಗರ, ಹಾವೇರಿ ಕಡೆಯಿಂದ ದಿನಾ ಸುದ್ದಿ. ಕೆಲವರು ಸಾಲಕ್ಕೆ ಹೆದರಿ ಮನೆಗೆ ಬೀಗ ಹಾಕಿ ಊರು ಬಿಟ್ಟರು. ಕೆಲವರು ಜೀವ ಕಳೆದುಕೊಂಡರು. ಹೆಚ್ಚಿನವರು ಹೆಂಗಸರ ಹೆಸರಲ್ಲಿ ಸಾಲ ತಂದ ಮನೆಯವರು. ಒಂದು ಕಡೆಯ ಕಂತು ಕಟ್ಟೋಕೆ ಇನ್ನೊಂದು ಕಡೆ ಸಾಲ. ಅದನ್ನು ತೀರಿಸೋಕೆ ಮತ್ತೊಂದು.

ಮೊದಮೊದಲು ಒಬ್ಬೊಬ್ಬರೇ ಅತ್ತರು. ಅಳು ಯಾರ ಕಿವಿಗೂ ಬೀಳಲಿಲ್ಲ. ಆಮೇಲೆ ರೈತ ಸಂಘದವರು, ಮಹಿಳಾ ಸಂಘಟನೆಯವರು ಇದನ್ನು ಕೈಗೆತ್ತಿಕೊಂಡರು. ಡಿ.ಸಿ. ಕಚೇರಿ ಮುಂದೆ ಕೂತರು. ಮನವಿ ಪತ್ರ ಕೊಟ್ಟರು. ಹಾವೇರಿ ಜಿಲ್ಲೆಯ ಹೆಂಗಸರು ಮಾಡಿದ ಕೆಲಸ ಎಲ್ಲರ ಎದೆ ಮುಟ್ಟಿತು. ಅವರು ತಮ್ಮ ಮಾಂಗಲ್ಯವನ್ನೇ ಮುಖ್ಯಮಂತ್ರಿಗಳಿಗೆ ಅಂಚೆಯಲ್ಲಿ ಕಳಿಸಿದರು. ನಮ್ಮ ಮಾಂಗಲ್ಯ ಉಳಿಸಿ ಅನ್ನೋದು ಅವರ ಮಾತು. ಇದು ಪೇಪರಿನಲ್ಲಿ ಬಂತು, ಟಿ.ವಿ.ಯಲ್ಲಿ ಬಂತು. ವಿರೋಧ ಪಕ್ಷದವರೂ ಸರ್ಕಾರವನ್ನು ಕೇಳತೊಡಗಿದರು.

ಜನವರಿ 25ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದರು. ಸಾಲ ಕೊಡುವ ಸಂಸ್ಥೆಯವರನ್ನೂ ಕರೆದರು. ಆಗ ಹೊರಬಂದ ಲೆಕ್ಕ ನೋಡಿ. ರಾಜ್ಯದಲ್ಲಿ ಸುಮಾರು 1 ಕೋಟಿ 9 ಲಕ್ಷ ಜನರಿಗೆ ಕೊಟ್ಟ ಸಾಲ 59 ಸಾವಿರ ಕೋಟಿ ರೂಪಾಯಿಗೂ ಹೆಚ್ಚು! ನಮ್ಮ ನಿಮ್ಮ ವಾರದ ಕಂತೆಲ್ಲ ಸೇರಿದರೆ ಇಷ್ಟು ದೊಡ್ಡ ಗಂಟು.

ಆಗ ವಿಧಾನಸಭೆ ಕೂತಿರಲಿಲ್ಲ. ಸಭೆ ಕೂರದಿದ್ದಾಗ ತುರ್ತಾಗಿ ಕಾನೂನು ಬೇಕಾದರೆ ಸುಗ್ರೀವಾಜ್ಞೆ ತರುತ್ತಾರೆ. ಅದು ಸ್ವಲ್ಪ ಕಾಲದ ಕಾನೂನು. ಸರ್ಕಾರ ಸುಗ್ರೀವಾಜ್ಞೆ ಬರೆದು ರಾಜ್ಯಪಾಲರಿಗೆ ಕಳಿಸಿತು. ಫೆಬ್ರವರಿ 7ರಂದು ರಾಜ್ಯಪಾಲರು ಅದನ್ನು ವಾಪಸ್ಸು ಕಳಿಸಿದರು! 3 ಲಕ್ಷದ ಸಾಲಕ್ಕೆ 10 ವರ್ಷ ಜೈಲು, 5 ಲಕ್ಷ ದಂಡ ಅಂದರೆ ಹೆಚ್ಚಾಯಿತು ಅನ್ನೋದು ಅವರ ಒಂದು ಮಾತು. ಅಧಿವೇಶನ ಹತ್ತಿರ ಇದೆ, ಅಲ್ಲೇ ಚರ್ಚೆ ಮಾಡಿ ಅನ್ನೋದು ಇನ್ನೊಂದು. ಸರ್ಕಾರ ಉತ್ತರ ಬರೆದು ಮತ್ತೆ ಕಳಿಸಿತು. ಫೆಬ್ರವರಿ 12ರಂದು ರುಜು ಬಿತ್ತು. ಮಾರ್ಚಿಯ ಅಧಿವೇಶನದಲ್ಲಿ ಎರಡೂ ಮನೆಗಳು ಮಸೂದೆಗೆ ಒಪ್ಪಿಗೆ ಕೊಟ್ಟವು.

ಅದರಲ್ಲಿ ಏನಿದೆ? ಸಾಲ ಕೊಡುವವರು ಜಿಲ್ಲೆಯಲ್ಲಿ ನೋಂದಣಿ ಮಾಡಿಸಬೇಕು. ಬಡ್ಡಿ ಎಷ್ಟು ಅಂತ ತಿಳಿಸಬೇಕು. ಒಡವೆ, ಪತ್ರ ಅಡ ಇಟ್ಟುಕೊಳ್ಳಬಾರದು. ಬೈಯೋದು, ಹೆದರಿಸೋದು, ಹಿಂದೆ ಹಿಂದೆ ತಿರುಗೋದು, ರೌಡಿಗಳನ್ನು ಕಳಿಸೋದು ಅಪರಾಧ. ದೂರು ಕೊಟ್ಟರೆ ಪೊಲೀಸರು ಬರೆದುಕೊಳ್ಳಲ್ಲ ಅನ್ನುವಂತಿಲ್ಲ. ನೋಂದಣಿ ಇಲ್ಲದ, ಲೈಸೆನ್ಸ್ ಇಲ್ಲದ ಲೇವಾದೇವಿಯವರು ಬಡವರಿಗೆ ಕೊಟ್ಟ ಸಾಲ ತೀರಿತು ಅಂತಲೇ ಲೆಕ್ಕ.

ಇಷ್ಟು ಓದಿ "ಹಾಗಾದರೆ ಸಾಲವೆಲ್ಲ ಮನ್ನಾ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಬ್ಯಾಂಕು, ಹಣಕಾಸು ಕಂಪನಿಗಳನ್ನು ಈ ಕಾಯಿದೆಯಿಂದ ಹೊರಗೆ ಇಟ್ಟಿದ್ದಾರೆ. ಅವರ ಸಾಲ ಕಟ್ಟಲೇಬೇಕು.

ಹಾಗಂತ ಅವರಿಗೂ ಲಗಾಮು ಇಲ್ಲದಿಲ್ಲ. ಅದು ದಿಲ್ಲಿಯ ಲಗಾಮು. 2022ರಲ್ಲಿ ರಿಸರ್ವ್ ಬ್ಯಾಂಕು ಅವರಿಗೆ ನಿಯಮ ಬರೆಯಿತು. ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ವಸೂಲಿಗೆ ಕರೆ ಮಾಡಬಾರದು. ಕಂತು ಕಟ್ಟೋಕೆ ಇಬ್ಬರೂ ಒಪ್ಪಿದ ಒಂದು ಜಾಗ ಇರಬೇಕು. ಎರಡು ಸಲ ಒಟ್ಟಿಗೆ ಆ ಜಾಗಕ್ಕೆ ಬರದಿದ್ದರೆ ಮಾತ್ರ ಮನೆಗೆ ಬರಬಹುದು. ಸಾಲದ ಕಾರ್ಡು ನಮಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಮನೆಯ ತಿಂಗಳ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಕಂತಿಗೇ ಹೋಗುವಷ್ಟು ಸಾಲ ಕೊಡಬಾರದು. ಕಾರ್ಡಿನಲ್ಲಿ ಬರೆದದ್ದನ್ನು ಈಗ ನೀವೇ ಓದಬಲ್ಲಿರಿ. ಓದಿ ನೋಡಿ.

ಅವರೂ ಕೇಳುತ್ತಾರೆ

ನಾವು ಮಾತ್ರ ಶಾಸಕರ ಹತ್ತಿರ ಹೋಗ್ತೀವಿ ಅಂದುಕೊಳ್ಳಬೇಡಿ. ಸಾಲ ಕೊಡುವ ಕಂಪನಿಗಳಿಗೂ ಸಂಘ ಇದೆ. ಅವರಲ್ಲಿ ಓದಿದವರು, ವಕೀಲರು, ಸಂಬಳದ ಜನ ಇದ್ದಾರೆ. ಅವರು ಮಂತ್ರಿಗಳನ್ನು ನೋಡುತ್ತಾರೆ, ಲೆಕ್ಕ ಮುಂದಿಡುತ್ತಾರೆ. ಇದಕ್ಕೆ ಪೇಪರಿನವರು ಲಾಬಿ ಅನ್ನುತ್ತಾರೆ. ಅದೇನೂ ಕೆಟ್ಟ ಮಾತಲ್ಲ. ಲಂಚ ಕೊಟ್ಟರೆ ಅದು ಅಪರಾಧ. ಮಾತಾಡಿ ಒಪ್ಪಿಸೋದು ಅಪರಾಧ ಅಲ್ಲ. ಅಮೆರಿಕದಲ್ಲಿ ಹೀಗೆ ಸಂಬಳಕ್ಕೆ ಲಾಬಿ ಮಾಡುವವರು ಹೆಸರು ಬರೆಸಿ, ಎಷ್ಟು ಖರ್ಚು ಮಾಡಿದೆವು ಅಂತ ತಿಳಿಸಬೇಕು ಎಂದು 1995ರಲ್ಲಿ ಕಾನೂನು ಮಾಡಿದರು. ನಮ್ಮ ದೇಶದಲ್ಲಿ ಅಂಥ ಕಾನೂನು ಇಲ್ಲ. ಹಾಗಾಗಿ ಯಾರು ಯಾರನ್ನು ನೋಡಿದರು ಅನ್ನೋದು ನಮಗೆ ತಿಳಿಯೋದೇ ಇಲ್ಲ. ಇದು ನನಗೆ ಸರಿ ಕಾಣಲ್ಲ.

ಕಂಪನಿಗಳ ವಾದ ಏನು? "ವಸೂಲಿ ನಿಂತರೆ ನಮಗೆ ಬ್ಯಾಂಕು ದುಡ್ಡು ಕೊಡಲ್ಲ. ನಾವು ಬಡವರಿಗೆ ಕೊಡೋಕಾಗಲ್ಲ. ಆಗ ಅವರು ಮೀಟರ್ ಬಡ್ಡಿಯವನ ಹತ್ತಿರವೇ ಹೋಗಬೇಕು."

ಇದನ್ನು ಸುಳ್ಳು ಅಂತ ತಳ್ಳಿಹಾಕೋಕಾಗಲ್ಲ. ನಮ್ಮ ಮೊಳಕಾಲ್ಮೂರಿನ ಆಚೆಗೇ ಆಂಧ್ರ. ಅಲ್ಲಿ 2010ರ ಅಕ್ಟೋಬರಿನಲ್ಲಿ ಇಂಥದ್ದೇ ಸುಗ್ರೀವಾಜ್ಞೆ ಬಂತು. ಕಿರುಕುಳಕ್ಕೆ ತಡೆ ಬಿತ್ತು. ಜನ ಕಂತು ಕಟ್ಟೋದನ್ನೂ ನಿಲ್ಲಿಸಿದರು. ಕಂಪನಿಗಳು ಅಲ್ಲಿ ಹೊಸ ಸಾಲ ಕೊಡೋದನ್ನೇ ಬಿಟ್ಟವು. ಹಾಗಾಗಿ ನಾವು ಕೇಳುವಾಗ ಎರಡು ಕೇಳಬೇಕು. ಕಿರುಕುಳ ನಿಲ್ಲಿಸಿ ಅನ್ನೋದು ಒಂದು. ಸೊಸೈಟಿಯಲ್ಲಿ, ಬ್ಯಾಂಕಿನಲ್ಲಿ ನಮಗೆ ಕಡಿಮೆ ಬಡ್ಡಿಗೆ ಸಾಲ ಕೊಡಿಸಿ ಅನ್ನೋದು ಎರಡನೇದು. ಬಹಳ ಸಲ ನಾವು ಮೊದಲನೇದನ್ನು ಕೇಳಿ ಎದ್ದು ಬರ್ತೀವಿ.

ಕೇಳಿದ್ದೆಲ್ಲ ಸಿಗುತ್ತಾ?

ಸಿಗಲ್ಲ. 2019ರ ಜನವರಿ 19ರಂದು ನಮ್ಮ ಚಿತ್ರದುರ್ಗದಿಂದಲೇ ಸಾವಿರಾರು ಹೆಂಗಸರು ಬೆಂಗಳೂರಿಗೆ ನಡೆದು ಹೊರಟರು. ಬಹಳ ಮಂದಿ ರಾಯಚೂರು ಕಡೆಯವರು. ಹೆಂಡ ನಿಲ್ಲಿಸಿ ಅನ್ನೋದು ಅವರ ಬೇಡಿಕೆ. ಸುಮಾರು 200 ಕಿಲೋಮೀಟರ್. ಹಗಲು ಬಿಸಿಲು, ರಾತ್ರಿ ಚಳಿ. ದಾರಿಯಲ್ಲಿ ಒಬ್ಬ ತಾಯಿ ಅಪಘಾತದಲ್ಲಿ ತೀರಿಹೋದರು. ಜನವರಿ 30ಕ್ಕೆ ಬೆಂಗಳೂರು ಮುಟ್ಟಿದರು. ನಿಷೇಧ ಮಾತ್ರ ಬರಲಿಲ್ಲ.

ಯಾಕೆ? ಆ ವರ್ಷ ಅಬಕಾರಿಯಿಂದ ಸರ್ಕಾರಕ್ಕೆ ಬಂದದ್ದು 19 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಆ ದುಡ್ಡು ಬಿಟ್ಟರೆ ಬೇರೆ ಎಲ್ಲಿಂದ ತರೋದು ಅನ್ನೋದು ಸರ್ಕಾರದ ಲೆಕ್ಕ. 2007ರ ಜುಲೈ 1ರಿಂದ ಸಾರಾಯಿ ನಿಂತಿದ್ದು ನಿಮಗೆ ನೆನಪಿರಬಹುದು. ಪ್ಯಾಕೆಟ್ ಸಾರಾಯಿ ಹೋಯಿತು. ಬಾಟಲಿ ಉಳಿಯಿತು.

ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ನಡೆದದ್ದನ್ನೂ ಹೇಳಬೇಕು. ಅದು ನಿಮ್ಮಂಥವರದೇ ಕತೆ. 1990ರ ದಶಕದ ಮೊದಲಲ್ಲಿ ಅಲ್ಲಿ ಅಕ್ಷರ ಕಲಿಯೋಕೆ ಹೆಂಗಸರು ಸಾಯಂಕಾಲ ಸೇರುತ್ತಿದ್ದರು. ಅವರ ಓದುವ ಪುಸ್ತಕದಲ್ಲಿ ಒಂದು ಪಾಠ. ಒಂದು ಊರಿನ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದ ಪಾಠ. ಓದಿದರು, ಮಾತಾಡಿಕೊಂಡರು, ತಮ್ಮ ಊರಿನ ಅಂಗಡಿಯನ್ನೂ ಮುಚ್ಚಿಸಿದರು. ರೋಶಮ್ಮ ಎಂಬುವರು ಮುಂದೆ ನಿಂತರು. ಊರಿಂದ ಊರಿಗೆ ಹಬ್ಬಿತು. ಸಾರಾಯಿ ಹರಾಜು ನಡೆಯದ ಹಾಗೆ ಹೆಂಗಸರು ಅಡ್ಡ ಕೂತರು. 1993ರ ಅಕ್ಟೋಬರಿನಲ್ಲಿ ಆ ಸರ್ಕಾರ ಸಾರಾಯಿ ನಿಲ್ಲಿಸಿತು. 1995ರಲ್ಲಿ ಪೂರ್ತಿ ಪಾನನಿಷೇಧ ಬಂತು. 1997ರಲ್ಲಿ ಅದು ಸಡಿಲವಾಯಿತು. ಅಲ್ಲೂ ಖಜಾನೆಯ ಲೆಕ್ಕವೇ.

ಮನವಿ ಹೇಗೆ ಬರೆಯೋದು?

ಹಾರ ಹಾಕಿ, ಶಾಲು ಹೊದಿಸಿ, ಫೋಟೋ ತೆಗೆಸಿಕೊಂಡು ಬರೋದು ಮನವಿ ಅಲ್ಲ. ಹತ್ತು ಬೇಡಿಕೆ ಒಂದೇ ಹಾಳೆಯಲ್ಲಿ ತುಂಬಿದರೂ ಕೆಲಸ ಆಗಲ್ಲ. ರಸ್ತೆ, ಚರಂಡಿ, ಸಾಲ, ಪಿಂಚಣಿ ಎಲ್ಲ ಒಟ್ಟಿಗೆ ಬರೆದರೆ ಓದುವವರು "ನೋಡೋಣ" ಅಂತಾರೆ. ಒಂದು ಹಾಳೆಗೆ ಒಂದೇ ವಿಷಯ ಸಾಕು. ಏನಾಯಿತು, ಯಾವ ತಾರೀಖು, ಎಷ್ಟು ಮನೆಗೆ ಹೀಗಾಗಿದೆ ಅಂತ ಬರೆಯಿರಿ. ಸಾಲದ ಕಾರ್ಡಿನ ಜೆರಾಕ್ಸ್ ಲಗತ್ತಿಸಿ. ಮೂಲ ಕಾರ್ಡನ್ನು ಯಾರಿಗೂ ಕೊಡಬೇಡಿ. ಕೊನೆಗೆ ನಮಗೆ ಏನು ಬೇಕು ಅಂತ ಒಂದು ಸಾಲು. "ನಮ್ಮ ಕಷ್ಟ ನೋಡಿ" ಅಂತಲ್ಲ. "ನಮ್ಮ ಹೋಬಳಿಯಲ್ಲಿ ಸಾಲ ಕೊಡುವವರಲ್ಲಿ ಯಾರಿಗೆ ನೋಂದಣಿ ಇದೆ, ಪಟ್ಟಿ ಕೊಡಿಸಿ" ಅಂತ ಬರೆಯಿರಿ. ಹೀಗೆ ಬರೆದರೆ ಹೌದು ಇಲ್ಲವೇ ಇಲ್ಲ ಅನ್ನಲೇಬೇಕಾಗುತ್ತೆ.

ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು, ರುಜು ಹಾಕಿಸಿಕೊಳ್ಳಿ. ಆ ಸೀಲಿಲ್ಲದಿದ್ದರೆ ತಿಂಗಳಾದ ಮೇಲೆ "ಯಾವ ಅರ್ಜಿ?" ಅಂತಾರೆ. ನಮ್ಮ ಸಂಘದಲ್ಲೇ ಒಂದು ಸಲ ಹಾಗಾಯಿತು. ಮತ್ತೆ ಹೊಸದಾಗಿ ಬರೆದು, ಮತ್ತೆ ಬಸ್ ಚಾರ್ಜು ಕೊಟ್ಟು ಹೋಗಬೇಕಾಯಿತು.

ಒಬ್ಬರೇ ಹೋಗಬೇಡಿ. ಐದಾರು ಊರಿನ ಸಂಘಗಳು ಸೇರಿ ಹೋಗಿ. ಓಟಿನ ಲೆಕ್ಕ ಶಾಸಕರಿಗೆ ಚೆನ್ನಾಗಿ ಗೊತ್ತು.

ಯಾವಾಗ ಹೋಗೋದು ಅನ್ನೋದೂ ಮುಖ್ಯ. ಬಜೆಟ್ಟು ಸಾಮಾನ್ಯವಾಗಿ ಫೆಬ್ರವರಿ, ಮಾರ್ಚಿಯಲ್ಲಿ ಬರುತ್ತೆ. ದುಡ್ಡಿನ ವಿಷಯ ಇದ್ದರೆ ಸಂಕ್ರಾಂತಿಗೆ ಮುಂಚೆಯೇ ಮನವಿ ಕೊಟ್ಟಿರಬೇಕು. ಬಜೆಟ್ಟು ಓದಿದ ಮೇಲೆ ಕೊಟ್ಟರೆ ಅದು ಮುಂದಿನ ವರ್ಷಕ್ಕೆ. ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಸಭೆ ಕೂರುತ್ತೆ. ಅಲ್ಲಿ ಶಾಸಕರು ಮಂತ್ರಿಗಳಿಗೆ ಪ್ರಶ್ನೆ ಹಾಕಬಹುದು. ಆ ಪ್ರಶ್ನೆಗೆ ಮಂತ್ರಿ ಉತ್ತರ ಕೊಡಬೇಕು. ಅದು ಕಡತದಲ್ಲಿ ಉಳಿಯುತ್ತೆ. "ನಮ್ಮ ಈ ವಿಷಯ ಪ್ರಶ್ನೆ ಮಾಡಿ ಸಾರ್" ಅಂತ ನಿಮ್ಮ ಎಮ್ಮೆಲ್ಲೆಯವರಿಗೆ ಹೇಳಿ. ಅಧಿವೇಶನ ಮುಗಿದ ಮೇಲೆ ಹೋಗಿ ಕೇಳಿ. "ಪ್ರಶ್ನೆ ಹಾಕಿದ್ರಾ ಸಾರ್? ಮಂತ್ರಿಗಳು ಏನಂದ್ರು? ಅದರ ಪ್ರತಿ ಕೊಡಿ."