ಮಂಗನ ಕಾಯಿಲೆಗೆ ಮನುಷ್ಯನದೇ ಅಂಗಾಂಶ

ತಳೇಗಾಂವ ದಾಭಾಡೆಯಲ್ಲಿ ಲೋಕಲ್ ರೈಲು ಹತ್ತಿ ಪುಣೆಗೆ ಹೊರಟಾಗಲೆಲ್ಲ ನನಗೆ ಸೊರಬದ ಕಾಡು ನೆನಪಾಗುತ್ತದೆ. 1957ರಲ್ಲಿ ಅಲ್ಲಿನ ಕ್ಯಾಸನೂರಿನ ಕಾಡಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಕಾರಣ ಹುಡುಕಿಕೊಂಡು ಬಂದವರು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು. ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದೇ. ದರಕು ತರಲು ಹೋದವರ ಮೈಗೆ ಉಣುಗು ಹತ್ತಿ, ಜ್ವರ ಏರಿ, ಕೆಲವರು ಮನೆಗೆ ಮರಳದೇ ಹೋದ ಕಥೆ ಮಲೆನಾಡಿನಲ್ಲಿ ಇನ್ನೂ ಮುಗಿದಿಲ್ಲ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಎಷ್ಟೋ ಮನೆಗಳು ಸಾವು ಕಂಡವು. ಮಂಗನ ಕಾಯಿಲೆಯ ವೈರಸ್ಸನ್ನೇ ಕೊಲ್ಲುವ ಔಷಧ ಇವತ್ತಿಗೂ ಇಲ್ಲ.

ಪ್ರಯೋಗಾಲಯದ ಇಲಿಯಲ್ಲಿ ಈ ವೈರಸ್ ಮುಖ್ಯವಾಗಿ ಮಿದುಳಿಗೇ ನುಗ್ಗುತ್ತದೆ. ಮನುಷ್ಯರಲ್ಲಿ ರಕ್ತಸ್ರಾವವೂ ಆಗುತ್ತದೆ. ಇಲಿಯನ್ನು ನೋಡಿ ನಮ್ಮ ರಕ್ತನಾಳದ ಪಾಡನ್ನು ಊಹಿಸುವುದು ಹೇಗೆ? ಜೀವಂತ ಅಂಗಾಂಶವನ್ನು ಮುದ್ರಿಸುವ ಬಯೋಪ್ರಿಂಟಿಂಗ್ ಮೇಲೆ ನನಗೆ ಭರವಸೆ ಹುಟ್ಟಿದ್ದು ಇಲ್ಲೇ.

ಕೆಲಸ ಶ್ಯಾವಿಗೆ ಒತ್ತಿದ ಹಾಗೆ. ಮನುಷ್ಯನ ಜೀವಕೋಶಗಳನ್ನು ಜಿಲೆಟಿನ್ ಮತ್ತು ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್ ಜೊತೆ ಕಲೆಸಿ, ಸಣ್ಣ ಸೂಜಿಯಿಂದ ಎಳೆ ಎಳೆಯಾಗಿ, ಪದರದ ಮೇಲೆ ಪದರ ಇಡುತ್ತಾರೆ. ಒತ್ತಡ ಹೆಚ್ಚಾದರೆ ಕೋಶ ಸಾಯುತ್ತದೆ, ಕಡಿಮೆಯಾದರೆ ಎಳೆ ಹರಿಯುತ್ತದೆ. ಜಿಲೆಟಿನ್ ಮೈಬಿಸಿಗೆ ಕರಗಿಬಿಡುವ ವಸ್ತು. ಆಲ್ಜಿನೇಟ್ ಮಾತ್ರ ಕ್ಯಾಲ್ಸಿಯಂ ದ್ರಾವಣ ಸೋಕಿದೊಡನೆ ಬಿಗಿಯುತ್ತದೆ. ಆಮೇಲೆ 37 ಡಿಗ್ರಿಯಲ್ಲಿ ಕಾಪಿಟ್ಟು ವೈರಸ್ ಬಿಡುತ್ತಾರೆ. 2018ರಲ್ಲಿ ಬರ್ಲಿನ್ನಿನ ವಿಜ್ಞಾನಿಗಳು ಹೀಗೆ ಮುದ್ರಿಸಿದ ಶ್ವಾಸಕೋಶದ ಕೋಶಗಳಿಗೆ ಇನ್‌ಫ್ಲುಯೆಂಜಾ ತಗುಲಿಸಿದಾಗ, ಸೋಂಕು ನಿಜವಾದ ಶ್ವಾಸಕೋಶದಲ್ಲಿ ಕಾಣುವಂತೆ ಗುಂಪುಗುಂಪಾಗಿ ಹರಡಿತ್ತು.

ಮುದ್ರಿಸಿದ ಅಂಗಾಂಶಕ್ಕೆ ಜ್ವರ ಬರುವುದಿಲ್ಲ, ಇಡೀ ದೇಹದ ರೋಗನಿರೋಧಕ ಶಕ್ತಿಯೂ ಅದಕ್ಕಿಲ್ಲ. ಆದರೂ ಔಷಧದ ಗುಣ ತೂಗಿ ನೋಡಲು ಅದು ಸಾಕಷ್ಟು ಒಳ್ಳೆಯ ತಕ್ಕಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಚಿತ್ ಅಗರ್ವಾಲ್ ಅವರ ತಂಡ ಕ್ಷಯದ ಬ್ಯಾಕ್ಟೀರಿಯಾಕ್ಕೆ ಕೊಲಾಜನ್ ಜೆಲ್‌ನಲ್ಲಿ ಶ್ವಾಸಕೋಶದಂಥ ಮೂರು ಆಯಾಮದ ನೆಲೆ ಮಾಡಿಕೊಟ್ಟಿತು. ಅದು ಮುದ್ರಣವಲ್ಲ, ಆದರೆ ದಾರಿ ಅದೇ. ಸೋಂಕು ತಗುಲಿದ ಕೋಶಗಳು ಅಲ್ಲಿ ಮೂರು ವಾರ ಬದುಕಿದವು. ಪೈರಜಿನಮೈಡ್ ಎಂಬ ಕ್ಷಯದ ಔಷಧ ರೋಗಿಯ ದೇಹದಲ್ಲಿ ಕೆಲಸ ಮಾಡುವಷ್ಟೇ ಸಣ್ಣ ಪ್ರಮಾಣದಲ್ಲಿ ಅಲ್ಲೂ ಕೆಲಸ ಮಾಡಿತು.

2023ರಲ್ಲಿ ನಮ್ಮ ಔಷಧ ಪರೀಕ್ಷಾ ನಿಯಮಗಳೂ ತಿದ್ದುಪಡಿಯಾಗಿ, ಪ್ರಾಣಿಗಳ ಬದಲು ಇಂಥ ಅಂಗಾಂಶಗಳಿಗೂ ಜಾಗ ಕೊಟ್ಟಿವೆ. ಅಪಾಯಕಾರಿ ವೈರಸ್ಸನ್ನು ಹಿಡಿದಿಡುವ ಅತ್ಯುನ್ನತ ಭದ್ರತೆಯ ಪ್ರಯೋಗಾಲಯ ಪುಣೆಯ ಪಾಷಾಣ್ ಪ್ರದೇಶದಲ್ಲಿದೆ. ಅಂಗಾಂಶ ಕಟ್ಟುವ ಕೈಗಳು ಬೆಂಗಳೂರಿನಲ್ಲಿವೆ. ಈ ಎರಡು ಊರನ್ನು ಮಂಗನ ಕಾಯಿಲೆಗಾಗಿ ಒಂದೇ ಯೋಜನೆಯಲ್ಲಿ ಕೂಡಿಸಿ, ಮನುಷ್ಯನ ರಕ್ತನಾಳವನ್ನೇ ಮುದ್ರಿಸಿ ಪರೀಕ್ಷಿಸಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯನ್ನೂ ಕರ್ನಾಟಕ ಸರ್ಕಾರವನ್ನೂ ಕೇಳಿಕೊಳ್ಳುತ್ತೇನೆ.

ಅಲ್ಲಿಯವರೆಗೆ, ಮಲೆನಾಡಿನ ಬಂಧುಗಳೇ, ಕಾಡಿಗೆ ಕಾಲಿಡುವ ಮುನ್ನ ಉಣುಗು ತಡೆಯಲು ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿಕೊಳ್ಳಿ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಕೂಡಲೇ ಇಲಾಖೆಗೆ ತಿಳಿಸಿ.