ಹಾಲಕ್ಕಿಗೊಂದು ಪೊಟರೆ

ನಸುಕಿನಲ್ಲಿ ಬುಡಬುಡಿಕೆ ಆಡಿಸುತ್ತ ಬರುವವರು ಶಕುನ ಹೇಳುವುದು ಹಾಲಕ್ಕಿಯ ಹೆಸರಿನಲ್ಲಿ. ಹಕ್ಕಿ ಒಳ್ಳೆಯದು ನುಡಿದಿದೆಯೆಂದರೆ ಮೊರದ ತುಂಬ ರಾಗಿ ತಂದು ಜೋಳಿಗೆಗೆ ಸುರಿಯುತ್ತೇವೆ. ಅದೇ ಹಕ್ಕಿ ಸೂರಿನ ಮೇಲೆ ಕೂತರೆ ಗೂಬೆ ಕೂತಿತೆಂದು ಕಲ್ಲು ಬೀರುವವರೂ ನಾವೇ.

ಬೂದುಗಂದು ಮೈತುಂಬ ಬಿಳಿ ಚುಕ್ಕೆಯ ಈ ಗೂಬೆ ಸುಮಾರು 21 ಸೆಂ.ಮೀ. ಉದ್ದ, ಗೊರವಂಕದಷ್ಟೇ. ವಿಜ್ಞಾನಕ್ಕೆ ಇದನ್ನು 1821ರಲ್ಲಿ ಪರಿಚಯಿಸಿದವರು ಡಚ್ ಪಕ್ಷಿತಜ್ಞ ಟೆಮ್ಮಿಂಕ್. ದಟ್ಟ ಕಾಡು ಇದಕ್ಕೆ ಒಗ್ಗದು. ಮಾವಿನ ತೋಪು, ಊರಮುಂದಿನ ಆಲ, ಪಾಳುಗೋಡೆಯ ಸಂದು ಸಾಕು.

ಹಗಲಲ್ಲಿ ಪೊಟರೆಯ ಬಾಯಲ್ಲಿ ಜೋಡಿಯಾಗಿ ಬಿಸಿಲು ಕಾಯಿಸುತ್ತವೆ. ಹತ್ತಿರ ಹೋದರೆ ಹಳದಿ ಕಣ್ಣು ಅಗಲಿಸಿ, ತಲೆಯನ್ನು ಮೇಲೆ ಕೆಳಗೆ ಕುಣಿಸುತ್ತವೆ. ಹೆದರಿಸುವ ಆಟವಷ್ಟೇ ಅಲ್ಲ ಅದು. ಗೂಬೆಯ ಕಣ್ಣು ನಮ್ಮದರಂತೆ ಹೊರಳುವುದಿಲ್ಲ. ತಲೆಯನ್ನೇ ಸರಿಸಿ, ಬೇರೆ ಬೇರೆ ಕೋನದಿಂದ ನೋಡಿ ದೂರ ಅಳೆಯಬೇಕು. ಅದಕ್ಕೇ ಅದರ ಕತ್ತಿನಲ್ಲಿ 14 ಮೂಳೆ, ನಮಗೆ 7.

ಮುಸ್ಸಂಜೆ ಚಿರ್‌ಚಿರ್ ಎಂದು ಜಗಳವಾಡಿದಂತೆ ಕೂಗಿ ಬೇಟೆಗೆ ಹೊರಡುತ್ತವೆ. ಬೀದಿದೀಪಕ್ಕೆ ಮುತ್ತುವ ಹುಳುಗಳೆಂದರೆ ಹಬ್ಬ. ಹಲ್ಲಿ, ಹೊಲದ ಇಲಿಯನ್ನೂ ಬಿಡುವುದಿಲ್ಲ. ಏನೇನು ತಿಂದಿವೆ ಎಂದು ತಿಳಿಯಬೇಕಾದರೆ ಬೆಳಿಗ್ಗೆ ಮರದ ಬುಡದಲ್ಲಿ ಹುಡುಕಿ. ಜೀರ್ಣವಾಗದ್ದನ್ನೆಲ್ಲ ಉಂಡೆಕಟ್ಟಿ ಉಗುಳಿರುತ್ತವೆ. ಒಂದು ಉಂಡೆಯನ್ನು ಕಡ್ಡಿಯಿಂದ ಬಿಡಿಸಿ ನೋಡಿ: ದುಂಬಿಯ ಹೊಳೆಯುವ ರೆಕ್ಕೆಚಿಪ್ಪು, ಇಲಿಯ ತುಪ್ಪಳ, ಕೆಲವೊಮ್ಮೆ ಹಲ್ಲಿನ ಸಮೇತ ಪುಟ್ಟ ದವಡೆ. ರೈತನಿಗೆ ಇಷ್ಟು ಅಗ್ಗದ ಕಾವಲುಗಾರ ಇನ್ನೊಬ್ಬನಿಲ್ಲ. ಹೊಲಕ್ಕೆ ಇಲಿಪಾಷಾಣ ಇಟ್ಟರೆ ವಿಷವುಂಡ ಇಲಿಯ ಮೂಲಕ ಅದು ಈ ಕಾವಲುಗಾರನಿಗೂ ತಾಗುತ್ತದೆ.

ನವೆಂಬರಿನಿಂದ ಏಪ್ರಿಲ್‌ವರೆಗೆ ಸಂತಾನದ ಕಾಲ. ಇಡುವುದು ಮೂರೋ ನಾಲ್ಕೋ ಮೊಟ್ಟೆ. ಮೊದಲ ಮೊಟ್ಟೆಗೇ ಕಾವಿಗೆ ಕೂರುವುದರಿಂದ ಒಂದೇ ಪೊಟರೆಯಲ್ಲಿ ದೊಡ್ಡ ಮರಿ, ಸಣ್ಣ ಮರಿ ಒಟ್ಟಿಗಿರುತ್ತವೆ. ಆಹಾರ ಸಾಲದಿದ್ದರೆ ಮೊದಲು ಸಾಯುವುದು ಸಣ್ಣದೇ.

ನನ್ನನ್ನು ಕಾಡುವುದು ಆ ಪೊಟರೆಯ ಚಿಂತೆ. ಮರ ಕೊರೆಯಲು ಹಾಲಕ್ಕಿಗೆ ಬಾರದು. ಮರಕುಟಿಗ ಬಿಟ್ಟುಹೋದ ತೂತೋ, ಕೊಂಬೆ ಮುರಿದು ಕೊಳೆತ ಟೊಳ್ಳೋ ಸಿಗಬೇಕು. ರಸ್ತೆ ಅಗಲಿಸಲು ಸಾಲುಮರ ಕಡಿದು, ಬದಲಿಗೆ ಸಸಿ ನೆಟ್ಟೆವೆಂದು ಲೆಕ್ಕ ಕೊಡುತ್ತೇವೆ. ಆ ಸಸಿಯಲ್ಲಿ ಒಂದು ಪೊಟರೆಯಾಗಲು ಎಷ್ಟೋ ದಶಕ ಬೇಕು. ಸಾಲದ್ದಕ್ಕೆ ಮಾಟದ ಹೆಸರಿನಲ್ಲಿ ಗೂಬೆ ಹಿಡಿದು ಮಾರುವವರಿದ್ದಾರೆ. 1972ರ ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ.

ಬೇಸಗೆಯಲ್ಲಿ ರೆಕ್ಕೆ ಬಲಿಯದ ಮರಿ ನೆಲಕ್ಕೆ ಬಿದ್ದು ಸಿಕ್ಕರೆ ಮನೆಗೆ ಒಯ್ಯಬೇಡಿ. ಗಾಯವಾಗಿಲ್ಲದಿದ್ದರೆ ನಾಯಿ ಬೆಕ್ಕಿಗೆ ಎಟುಕದ ಕೊಂಬೆಯ ಮೇಲಿಟ್ಟು ದೂರ ಸರಿಯಿರಿ. ಕತ್ತಲಾದ ಮೇಲೆ ತಾಯಿ ತಂದೆ ಅಲ್ಲಿಗೇ ಬಂದು ಉಣಿಸುತ್ತವೆ.