ನೀರಿನೊಳಗಿನ ತಾಮ್ರ: ಬಿದರಿ ಕಲಿಸುವ ಪಾಠ

ಬಿದರಿ ಪಾತ್ರೆಯನ್ನು ಎರಕ ಹೊಯ್ದು, ಅರದಿಂದ ಉಜ್ಜಿ ನಯಮಾಡಿದ ಮೇಲೆ ಕುಶಲಕರ್ಮಿಗಳು ಅದಕ್ಕೆ ಮೈಲುತುತ್ತದ ದ್ರಾವಣ ಸವರುತ್ತಾರೆ. ಬೂದು ಬಣ್ಣದ ಲೋಹ ನೋಡನೋಡುತ್ತಲೇ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಉಳಿಯಿಂದ ಕೊರೆದ ಹೂಬಳ್ಳಿ ಬೆಳ್ಳಗೆ ಎದ್ದು ಕಾಣುತ್ತದೆ. ಆ ಗೆರೆಗಳಲ್ಲೇ ಬೆಳ್ಳಿ ಕೂರಿಸುವುದು. ಕೊನೆಯಲ್ಲಿ ಬರುವ ಶಾಶ್ವತ ಕಪ್ಪು ಬೀದರ್ ಕೋಟೆಯ ಮಣ್ಣು ಹಾಗೂ ನವಸಾಗರದ್ದು. ಅದರ ಬಗ್ಗೆ ಎಲ್ಲರಿಗೂ ಕುತೂಹಲ. ಆದರೆ ಮೊದಲಿನ ತಾತ್ಕಾಲಿಕ ಕಪ್ಪಿನಲ್ಲೂ ಒಂದು ದೊಡ್ಡ ಪಾಠ ಅಡಗಿದೆ.

ಬಿದರಿ ಲೋಹದಲ್ಲಿ ಬಹುಪಾಲು ಸತು, ಸ್ವಲ್ಪ ತಾಮ್ರ. ಸತು ತಾಮ್ರಕ್ಕಿಂತ ಚುರುಕು. ಮೈಲುತುತ್ತದ ನೀರು ತಗುಲಿದೊಡನೆ ಸತು ಕರಗಿ ನೀರಿಗೆ ಇಳಿಯುತ್ತದೆ. ನೀರಿನಲ್ಲಿದ್ದ ತಾಮ್ರ ಹೊರಬಂದು ಪಾತ್ರೆಯ ಮೇಲೆ ಕೂರುತ್ತದೆ. ತೀರಾ ನುಣುಪಾದ ಕಣಗಳಾದ್ದರಿಂದ ಅದು ಕಪ್ಪಾಗಿ ಕಾಣುತ್ತದೆ. ಹತ್ತನೆಯ ತರಗತಿಯ ವಿದ್ಯಾರ್ಥಿಗಳು ಓದುವ ‘ಸ್ಥಾನಪಲ್ಲಟ ಕ್ರಿಯೆ’ ಎಂದರೆ ಇದೇ.

ಕಾರ್ಖಾನೆಯ ಕೊಳೆನೀರಿನಿಂದ ಲೋಹವನ್ನು ಮರಳಿ ಪಡೆಯುವ ಒಂದು ಹಳೆಯ ವಿಧಾನಕ್ಕೂ ಇದೇ ತಳಹದಿ. ಸುಮಾರು ಸಾವಿರ ವರ್ಷಗಳ ಹಿಂದೆಯೇ ಚೀನಾದಲ್ಲಿ ತಾಮ್ರ ಕರಗಿದ ಗಣಿನೀರಿಗೆ ಕಬ್ಬಿಣ ಹಾಕಿ ತಾಮ್ರ ತೆಗೆಯುತ್ತಿದ್ದರು. ಎಕ್ಸ್-ರೇ ಫಿಲ್ಮ್ ತೊಳೆದ ಫಿಕ್ಸರ್ ದ್ರಾವಣದಿಂದ ಬೆಳ್ಳಿ ಪಡೆಯಲು ಉಕ್ಕಿನ ಎಳೆಗಳನ್ನು ಬಳಸುವುದೂ ಇದೇ ತತ್ವದಿಂದ. ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರವಿರುತ್ತದೆ. ಅದನ್ನು ಹೊರತೆಗೆಯಲು ಲೆಕ್ಕದ ಪ್ರಕಾರ ಸುಮಾರು 225 ಗ್ರಾಂ ಗುಜರಿ ಕಬ್ಬಿಣ ಸಾಕು.

ಆದರೆ ತಾಮ್ರ ಬಂದಮಾತ್ರಕ್ಕೆ ನೀರು ಶುದ್ಧವಾಗಲಿಲ್ಲ. ಅದರ ಜಾಗದಲ್ಲಿ ಈಗ ಕಬ್ಬಿಣ ಕರಗಿದೆ. ಸುಣ್ಣ ಬೆರೆಸಿದರೆ ಉಳಿದ ಲೋಹಗಳು ಕೆಸರಾಗಿ ತಳಕ್ಕೆ ಇಳಿಯುತ್ತವೆ. ಹಲವು ಲೋಹಗಳು ಕಲೆತ ಈ ಕೆಸರನ್ನು ಮತ್ತೆ ಬಿಡಿಸುವುದು ಕಷ್ಟ, ಖರ್ಚೂ ಹೆಚ್ಚು. ಕಂಡಲ್ಲಿ ಸುರಿದರೆ ಅಪಾಯ. ಆದ್ದರಿಂದ ಮೊದಲ ನಿಯಮ, ಒಂದೊಂದು ಲೋಹದ ನೀರನ್ನು ಹುಟ್ಟಿದಲ್ಲೇ ಬೇರೆಯಾಗಿ ಹಿಡಿಯುವುದು. ಹಾಗೆ ಹಿಡಿದ ನೀರು ಗಟ್ಟಿಯಾಗಿದ್ದರೆ ವಿದ್ಯುತ್ ಹಾಯಿಸಿ ಲೋಹ ಪಡೆಯಬಹುದು. ತೆಳುವಾಗಿದ್ದರೆ ಅಯಾನು ವಿನಿಮಯ ಮಾಡುವ ರಾಳದ ಹರಳುಗಳ ಮೂಲಕ ಹಾಯಿಸಬಹುದು.

ಬೀದರ್ ಜಿಲ್ಲೆಗೆ ಇದು ಬರೀ ಪುಸ್ತಕದ ಮಾತಲ್ಲ. ಬೀದರ್ ಬಳಿಯ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕ, ಔಷಧ ಘಟಕಗಳಿವೆ. ನಗರ ಕುಳಿತಿರುವುದು ಜಂಬಿಟ್ಟಿಗೆ ಕಲ್ಲಿನ ದಿಬ್ಬದ ಮೇಲೆ. ಬಹಮನಿ ಸುಲ್ತಾನರ ಕಾಲದ ಸುರಂಗ ಬಾವಿಗಳಿಗೆ ನೀರು ಒದಗಿಸಿದ್ದು ಇದೇ ಸಚ್ಛಿದ್ರ ಕಲ್ಲು. ಮಳೆನೀರು ಇಳಿಯುವ ದಾರಿಯಲ್ಲೇ ಮೇಲೆ ಚೆಲ್ಲಿದ್ದೂ ಇಳಿಯುತ್ತದೆ. ಇತ್ತ ಭಾಲ್ಕಿ ತಾಲ್ಲೂಕಿನಲ್ಲಿ ಕಾರಂಜಾ ಜಲಾಶಯವಿದೆ. ಔರಾದ್, ಭಾಲ್ಕಿ ಸೀಮೆಯಲ್ಲಿ ಮಾಂಜ್ರಾ ಹರಿಯುತ್ತದೆ. ಸಗಣಿ, ಕಸಕಡ್ಡಿ ಕೊಳೆತು ಮಣ್ಣಾಗುತ್ತವೆ, ಲೋಹ ಕೊಳೆಯುವುದಿಲ್ಲ. ಒಂದು ಕಡೆ ಕರಗಿದರೆ ಮತ್ತೊಂದು ಕಡೆ ಸೇರಿಕೊಳ್ಳುತ್ತದೆ. ಅದಕ್ಕೇ ನದಿ, ಕೆರೆಗೆ ಬಿಡುವ ಕಾರ್ಖಾನೆ ನೀರಿನಲ್ಲಿ ಲೀಟರಿಗೆ ತಾಮ್ರ 3 ಮಿಲಿಗ್ರಾಂ, ಸತು 5 ಮಿಲಿಗ್ರಾಂ, ಸೀಸ 0.1 ಮಿಲಿಗ್ರಾಂ ಮೀರಬಾರದೆಂದು 1986ರ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡ ಹೇಳುತ್ತದೆ.

ಔರಾದಿನ ಪ್ರೌಢಶಾಲೆಯಾಗಲಿ, ಭಾಲ್ಕಿಯ ಕಾಲೇಜಾಗಲಿ, ಪ್ರಯೋಗ ಮುಗಿದ ಮೈಲುತುತ್ತದ ನೀರನ್ನು ಸಿಂಕಿಗೆ ಸುರಿಯುವ ಬದಲು ಒಂದು ಡಬ್ಬದಲ್ಲಿ ಕೂಡಿಡಬಹುದು. ಶಿಕ್ಷಕರ ಸಮ್ಮುಖದಲ್ಲಿ, ಕೈಗವಸು ತೊಟ್ಟು, ಅದರಲ್ಲಿ ಕಬ್ಬಿಣದ ಮೊಳೆಗಳನ್ನು ಹಾಕಿಟ್ಟರೆ ನೀಲಿ ಬಣ್ಣ ಮೆಲ್ಲಗೆ ಕಳೆಯುತ್ತದೆ. ಮೊಳೆಯ ಮೇಲೆ ಕೆಂಪು ತಾಮ್ರ ಕೂರುತ್ತದೆ. ಮೈಲುತುತ್ತ ವಿಷ, ಮನೆಯಲ್ಲಿ ಇದು ಬೇಡ. ಮಗ ಅಥವಾ ಮಗಳು ಮುಂದೆ ಯಾವ ಕಾರ್ಖಾನೆ ಸೇರಿದರೂ, ಚರಂಡಿಗೆ ಹೋಗುವ ನೀರಿನಲ್ಲಿ ಏನಿದೆ ಎಂದು ಕೇಳುವ ಅಭ್ಯಾಸ ಆ ಡಬ್ಬದಿಂದಲೇ ಶುರುವಾಗಬಹುದು.